ಅಪ್ಪನ ಆಣೆ, ನನ್ನ ಬಳಪ

ನಾನು ಚಿಕ್ಕವನಿದ್ದಾಗ ಬಳಪದಲ್ಲಿ ಬರೆದದ್ದಕ್ಕಿಂತ ಅದನ್ನು ತಿಂದದ್ದೇ ಹೆಚ್ಚು. ಬಳಪ ಎಂದರೆ ಏನೆಂದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ ಕಾಣೆ. ಕಪ್ಪು ಸ್ಲೇಟಿನ ಮೇಲೆ ಬರೆಯುವ, ಬೆರಳುದ್ದದ ಬೂದು ಬಣ್ಣದ ಕಡ್ಡಿ ಅದು. ಬರೆದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಸ್ಲೇಟಿನಿಂದ ಒಂದು ತಣ್ಣನೆಯ ವಾಸನೆ ಏಳುತ್ತಿತ್ತು. ಅದು ಮೂಗಿಗೆ ಬಿದ್ದರೆ ಸಾಕು, ನನ್ನ ಬಾಯಲ್ಲಿ ನೀರೂರುತ್ತಿತ್ತು. ಬಳಪದ ತುದಿಯನ್ನು ಹಲ್ಲಿನ ನಡುವೆ ಇಟ್ಟು ಕಟಕ್ಕನೆ ಕಡಿದರೆ ಮೊದಲು ಗಟ್ಟಿ, ಆಮೇಲೆ ನುಣುಪು, ಕೊನೆಗೆ ನಾಲಗೆಯ ತುಂಬ ಒದ್ದೆ ಮಣ್ಣಿನ ರುಚಿ. ಅಮ್ಮ ಬೈದರು, ಹೊಟ್ಟೆಯಲ್ಲಿ ಹುಳ ಆಗುತ್ತದೆ ಎಂದು ಹೆದರಿಸಿದರು, ಒಂದು ಸಲ ಬಾಯಿಗೆ ಬೇವಿನೆಣ್ಣೆ ಸವರಿದರು. ನಾನು ಬೇವಿನೆಣ್ಣೆಯ ಸಮೇತ ತಿಂದೆ. ಇಷ್ಟು ಕೇಳಿ ನೀವು ನಗಬಹುದು, ನಗಿ. ಮುಂದೆ ಹೇಳುವುದು ನಾನು ಮಾಡಿದ ಒಂದು ತಪ್ಪಿನ ವಿಷಯ, ಮತ್ತು ಆ ತಪ್ಪು ಬಳಪ ತಿಂದದ್ದಲ್ಲ.

ಆಗ ನನಗೆ ಎಂಟು ವರ್ಷ. ನಾವಿದ್ದದ್ದು ಭದ್ರಾವತಿಯಲ್ಲಿ, ಕಾರ್ಖಾನೆಯ ಕೆಲಸಗಾರರ ಮನೆಗಳ ಸಾಲಿನಲ್ಲಿ. ಮನೆಯಲ್ಲಿ ಅಪ್ಪ, ಅಮ್ಮ, ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ಮತ್ತು ನಾನು. ಗೋಡೆಯಾಚೆ ತಮಿಳರ ಮನೆ. ಆ ಮನೆಯ ಅಜ್ಜಿಯನ್ನು ನಾವೂ ಅವರಂತೆಯೇ ಪಾಟಿ ಎನ್ನುತ್ತಿದ್ದೆವು. ನಮ್ಮ ಬೀದಿಗೆಲ್ಲ ಗಡಿಯಾರವೆಂದರೆ ಕಾರ್ಖಾನೆಯ ಸೈರನ್. ಅದು ಕೂಗಿದರೆ ಒಲೆ ಹಚ್ಚುವುದು, ಅದು ಕೂಗಿದರೆ ಅನ್ನಕ್ಕೆ ಇಡುವುದು, ಅದು ಕೂಗಿದರೆ ಅಪ್ಪ ಬರುವ ದಾರಿ ನೋಡುವುದು.

ಅಪ್ಪನ ಕೆಲಸ ಕಾದು ನೀರಾದ ಕಬ್ಬಿಣವನ್ನು ಅಚ್ಚುಗಳಿಗೆ ಸುರಿಯುವ ಕಡೆ. ಅವರ ಖಾಕಿ ಅಂಗಿಯ ಎದೆಯ ತುಂಬ ಕಿಡಿ ಹಾರಿ ಸುಟ್ಟ ಸಣ್ಣ ಸಣ್ಣ ತೂತುಗಳಿದ್ದವು. ಮನೆಯೊಳಗೆ ಕಾಲಿಟ್ಟರೆ ಬೆವರು, ಬಿಸಿ ಕಬ್ಬಿಣ ಮತ್ತು ಹೊಗೆಸೊಪ್ಪಿನ ವಾಸನೆ ಮೂರೂ ಒಟ್ಟಿಗೆ ಬರುತ್ತಿದ್ದವು. ಹೊಗೆಸೊಪ್ಪೆಂದರೆ ಒಣಗಿಸಿದ ತಂಬಾಕಿನ ಎಲೆ. ಅಪ್ಪನ ಜೇಬಿನಲ್ಲಿ ಎರಡು ಬಾಯಿಯ ಒಂದು ತಗಡಿನ ಡಬ್ಬಿ ಇರುತ್ತಿತ್ತು. ಒಂದು ಕಡೆ ಹೊಗೆಸೊಪ್ಪು, ಇನ್ನೊಂದು ಕಡೆ ಸುಣ್ಣ. ಎರಡನ್ನೂ ಅಂಗೈಯಲ್ಲಿ ಹೆಬ್ಬೆರಳಿನಿಂದ ತಿಕ್ಕಿ, ತಟ್ಟಿ, ದವಡೆಯ ಸಂದಿಗೆ ಇಟ್ಟುಕೊಂಡರೆ ಅರ್ಧ ಗಂಟೆ ಅಪ್ಪನ ಮಾತೆಲ್ಲ ಹೂಂ, ಊಹೂಂಗಳಲ್ಲೇ ಮುಗಿಯುತ್ತಿತ್ತು. ಕಾವಿನ ಮುಂದೆ ನಿಂತವನಿಗೆ ಬಾಯಿ ಒಣಗುತ್ತದೆ, ಬೀಡಿ ಸೇದಲು ಕೈ ಬಿಡುವಿರುವುದಿಲ್ಲ, ಅದಕ್ಕೇ ಎಲ್ಲರೂ ಇದನ್ನು ಹಾಕುತ್ತಾರೆ ಎಂದು ಅವರು ಹೇಳುತ್ತಿದ್ದರು.

ಆ ವರ್ಷ ಅಪ್ಪನ ದವಡೆಯ ಒಳಗೆ ಒಂದು ಬಿಳಿ ಕಲೆ ಕಾಣಿಸಿಕೊಂಡಿತು. ಖಾರ ತಗಲಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಆಸ್ಪತ್ರೆಯ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ಈಗಲೇ ಬಿಟ್ಟರೆ ಮಾಯುತ್ತದೆ, ಬಿಡದಿದ್ದರೆ ಇದು ನಿಮ್ಮನ್ನು ಬಿಡುವುದಿಲ್ಲ ಎಂದು ನೇರವಾಗಿಯೇ ಹೇಳಿದರು. ಅಮ್ಮ ಆ ಮಾತನ್ನು ಪಾಟಿಗೆ ಹೇಳುತ್ತಾ ಸೆರಗನ್ನು ಬಾಯಿಗೆ ಒತ್ತಿಕೊಂಡದ್ದನ್ನು ನಾನು ನೋಡಿದೆ. ನನಗೆ ಎಲ್ಲವೂ ಅರ್ಥವಾಗದಿದ್ದರೂ ಅಪ್ಪ ಸತ್ತುಹೋಗಬಹುದು ಎಂಬುದಷ್ಟು ಅರ್ಥವಾಯಿತು.

ಅಪ್ಪ ಬಿಡಲು ನೋಡದೆ ಇರಲಿಲ್ಲ. ಒಂದು ಸಲ ಡಬ್ಬಿಯನ್ನು ಭದ್ರಾ ಹೊಳೆಗೆ ಎಸೆದು ಬಂದರು. ಮೂರನೆಯ ದಿನ ಜೇಬಿನಲ್ಲಿ ಹೊಸ ಡಬ್ಬಿ. ಇನ್ನೊಂದು ಸಲ ಅಮಾವಾಸ್ಯೆಯಿಂದ ಬಿಡುತ್ತೇನೆಂದರು. ಆಮೇಲೆ ಅದು ಹುಣ್ಣಿಮೆಗೆ ಹೋಯಿತು. ಅಮ್ಮ ಬೈಯುವುದನ್ನೂ ನಿಲ್ಲಿಸಿಬಿಟ್ಟಿದ್ದರು. ನಾಯಿ ಬಾಲ ಲಳಿಗೆಯಲ್ಲಿಟ್ಟರೂ ಡೊಂಕೇ ಎಂದು ಒಲೆಯ ಕಡೆ ಮುಖ ಮಾಡಿಕೊಂಡು ಹೇಳುತ್ತಿದ್ದರು.

ಹೀಗಿರುವಾಗ ಒಂದು ಶುಕ್ರವಾರ ಸಂಜೆ ಅಪ್ಪ ಸ್ನಾನ ಮಾಡಿ ಬಂದು ದೇವರ ದೀಪದ ಮುಂದೆ ಕೂತರು. ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡರು. ಆಮೇಲೆ ತಮ್ಮ ಬಲಗೈಯನ್ನು ನನ್ನ ತಲೆಯ ಮೇಲಿಟ್ಟು, ಇನ್ನು ಮೇಲೆ ಹೊಗೆಸೊಪ್ಪನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿದರು. ಆ ಕೈ ಭಾರವಾಗಿತ್ತು, ಒರಟಾಗಿತ್ತು, ಬೆಚ್ಚಗಿತ್ತು. ನಮ್ಮ ಕಡೆ ಮಕ್ಕಳ ತಲೆ ಮುಟ್ಟಿ ಆಣೆ ಮಾಡುವುದೆಂದರೆ ಆಟವಲ್ಲ. ಮಾತು ತಪ್ಪಿದರೆ ಕೇಡು ಬರುವುದು ಮಾತು ಕೊಟ್ಟವರಿಗಲ್ಲ, ಯಾರ ತಲೆ ಮುಟ್ಟಿದ್ದರೋ ಅವರಿಗೆ. ಹಾಗೆಂದು ದೊಡ್ಡವರು ಚಿಕ್ಕವರು ಎಲ್ಲರೂ ನಂಬಿದ್ದರು. ಅಮ್ಮ ಅಡುಗೆಮನೆಯಿಂದ ಓಡಿಬಂದು ಮಗುವಿನ ತಲೆ ಬೇಡ, ಬೇಕಾದರೆ ನನ್ನ ತಲೆ ಮುಟ್ಟಿ ಎಂದರು. ಅಪ್ಪ ಕೈ ತೆಗೆಯಲಿಲ್ಲ.

"ನನ್ನ ಜೀವದ ಮೇಲೆ ನನಗೆ ಭಯ ಇಲ್ಲ ಮಾರಾಯ್ತಿ. ಎಷ್ಟು ಸಲ ನೋಡಿದೀನಿ. ಇವನ ಮೇಲಾದ್ರೆ ಭಯ ಇರುತ್ತೆ. ಅದಕ್ಕೇ ಇಟ್ಟಿದೀನಿ" ಎಂದರು.

ಆಮೇಲೆ ನನ್ನ ಕಡೆ ತಿರುಗಿ, ಒಬ್ಬನೇ ಬಿಡುವುದು ಕಷ್ಟ, ನೀನೂ ಬಳಪ ಬಿಡು, ಜೊತೆಗಿರು ಎಂದು ಕೇಳಿದರು. ಕೇಳಿದರು ಎಂದೇ ಹೇಳಬೇಕು, ಅದು ಅಪ್ಪಣೆಯಾಗಿರಲಿಲ್ಲ. ನನಗೆ ಹಿಗ್ಗೋ ಹಿಗ್ಗು. ಅಪ್ಪನ ಅಂಗೈ ಮೇಲೆ ನನ್ನ ಅಂಗೈ ಇಟ್ಟು ಭಾಷೆ ಕೊಟ್ಟೆ. ಮರುದಿನದಿಂದ ಅಕ್ಕ ಬಾಗಿಲ ಹಿಂದಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ದಿನಕ್ಕೆರಡು ಗೀರು ಎಳೆಯತೊಡಗಿದಳು. ಮೇಲಿನ ಸಾಲು ಅಪ್ಪನದು, ಕೆಳಗಿನ ಸಾಲು ನನ್ನದು.

ಅಪ್ಪನ ಮೊದಲ ದಿನಗಳು ಬಹಳ ಕೆಟ್ಟದಾಗಿದ್ದವು. ತಲೆನೋವೆಂದು ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ಅನ್ನದ ಪಾತ್ರೆಯ ಮುಚ್ಚಳ ಜಾರಿ ಬಿದ್ದರೆ ಮುಚ್ಚಳಕ್ಕೇ ಬೈಯುತ್ತಿದ್ದರು. ಗೂಡಂಗಡಿಯ ಮುಂದೆ ಹೋಗಬಾರದೆಂದು ಶಾಲೆಯ ಹಿಂದಿನಿಂದ ಸುತ್ತು ಹಾಕಿಕೊಂಡು ಬರುತ್ತಿದ್ದರು. ಟೀ ಹೊತ್ತಿನಲ್ಲಿ ಜೊತೆಯವರು ಸುತ್ತ ಕೂತು ಹೊಗೆಸೊಪ್ಪು ತಿಕ್ಕುವಾಗ ಇವರು ಎದ್ದುಹೋಗಿ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದರಂತೆ. ದಿನಾ ಇಷ್ಟು ಮುಖ ತೊಳೆಯುತ್ತೀಯಲ್ಲ, ಎಲ್ಲಾದರೂ ಹೆಣ್ಣು ನೋಡಲು ಹೋಗುವುದಿದೆಯಾ ಎಂದು ಅವರೆಲ್ಲ ಹಾಸ್ಯ ಮಾಡಿದರಂತೆ. ಹೊಗೆಸೊಪ್ಪಿನ ಡಬ್ಬಿಯನ್ನೇ ಅಕ್ಕ ಬಿಸಿನೀರಲ್ಲಿ ಉಜ್ಜಿ ತೊಳೆದು, ಒಂದು ಕಡೆ ಹುರಿದ ಕೊತ್ತಂಬರಿ ಬೀಜ, ಇನ್ನೊಂದು ಕಡೆ ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿ ತುಂಬಿ ಕೊಡುತ್ತಿದ್ದಳು. ಬೇಕೆನಿಸುವುದು ಬಸ್ಸಿನ ಹಾಗೆ, ಬರುತ್ತದೆ, ನಿಲ್ಲುತ್ತದೆ, ಹತ್ತದೆ ನಿಂತರೆ ತಾನಾಗಿ ಮುಂದೆ ಹೋಗುತ್ತದೆ, ಇನ್ನೊಂದು ಬರುವವರೆಗೆ ಉಸಿರಾಡಬಹುದು ಎಂದು ಅಪ್ಪ ನನಗೆ ಹೇಳಿಕೊಟ್ಟರು.

ನನ್ನ ಬಸ್ಸೋ, ನನ್ನ ಜೇಬಿನಲ್ಲೇ ನಿಂತಿರುತ್ತಿತ್ತು. ಬರೆಯಲು ಬಳಪ ಬೇಕೇ ಬೇಕಲ್ಲ. ನಾನು ತಡೆದದ್ದು ಒಂಬತ್ತು ದಿನ. ಹತ್ತನೆಯ ದಿನ ಒಂದು ಬಳಪ ಬರೆದು ಬರೆದು ಕಡಲೆಬೀಜದಷ್ಟಾಯಿತು. ಇದನ್ನು ಹಿಡಿದು ಬರೆಯಲಾಗದು, ಹೇಗೂ ಎಸೆಯುವುದೇ, ಎಸೆಯುವುದನ್ನು ತಿಂದರೆ ತಿಂದ ಹಾಗಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಹನ್ನೆರಡನೆಯ ದಿನಕ್ಕೆ ತುಂಡು ಸಿಗಲಿಲ್ಲ. ಉದ್ದದ ಬಳಪವನ್ನು ನೆಲಕ್ಕೆ ಬೀಳಿಸಿದೆ. ಅದು ಮುರಿದು ತುಂಡಾಯಿತು. ಆಮೇಲಾಮೇಲೆ ನನ್ನ ಕೈಯಿಂದ ಬಳಪಗಳು ಬೀಳುತ್ತಿದ್ದದ್ದನ್ನು ನೋಡಿ ಮೇಷ್ಟ್ರು, ನಿನ್ನ ಕೈಗೆ ಎಣ್ಣೆ ಹಚ್ಚಿದಾರೇನೋ ಎಂದು ಕೇಳಿದರು. ಮೋಸ ಮಾಡುವುದಕ್ಕೂ ಒಂದು ಶಿಸ್ತು ಬೇಕು ಮಕ್ಕಳೇ. ನನಗೆ ಆ ಶಿಸ್ತು ಚೆನ್ನಾಗಿಯೇ ಬಂತು.

ದಿನಾ ಸಂಜೆ ಕೈಕಾಲು ತೊಳೆದು ಬಂದ ಅಪ್ಪ "ಇವತ್ತು?" ಎಂದು ಕೇಳುತ್ತಿದ್ದರು. ನಾನು "ಇಲ್ಲ. ನೀವು?" ಎನ್ನುತ್ತಿದ್ದೆ. ಅವರೂ "ಇಲ್ಲ" ಎನ್ನುತ್ತಿದ್ದರು. ಅಕ್ಕ ಎರಡು ಗೀರು ಎಳೆಯುತ್ತಿದ್ದಳು. ಮೊದಲ ಸಲ ಸುಳ್ಳು ಹೇಳಿದಾಗ ನನ್ನ ಕಿವಿ ಬಿಸಿಯಾಗಿತ್ತು. ಒಂದು ವಾರ ಕಳೆಯುವುದರಲ್ಲಿ ಅದೂ ಆಗಲಿಲ್ಲ.

ಒಂದು ತಿಂಗಳು ದಾಟಿ ಮೂರೋ ನಾಲ್ಕೋ ದಿನವಾಗಿತ್ತು. ಬೆಳಿಗ್ಗೆ ಎದ್ದಾಗಲೇ ನನ್ನ ಹೊಟ್ಟೆಯಲ್ಲಿ ಯಾರೋ ಬಟ್ಟೆ ಹಿಂಡಿದ ಹಾಗೆ ನೋವು. ಹಿಂದಿನ ಎರಡು ದಿನದಲ್ಲಿ ನಾನು ಹೊಸ ಪೊಟ್ಟಣದ ಏಳು ಬಳಪ ತಿಂದಿದ್ದೆ. ಅಪ್ಪ ಫಸ್ಟ್ ಶಿಫ್ಟಿಗೆ ಆಗಲೇ ಹೋಗಿದ್ದರು. ಹತ್ತು ಗಂಟೆಯ ಹೊತ್ತಿಗೆ ವಾಂತಿಯಾಯಿತು, ಮೈ ಕಾದ ಕಾವಲಿಯಾಯಿತು. ಪಾಟಿ ಬಂದು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿ ಸುಟ್ಟರೂ ಘಾಟು ಬರಲಿಲ್ಲವೆಂದು, ದೃಷ್ಟಿ ಬಹಳ ತಾಗಿದೆ ಎಂದರು. ನನಗಂತೂ ಘಾಟಿಗೆ ಕೆಮ್ಮು ಬಂದಿತ್ತು. ಅಮ್ಮ ನನ್ನ ಹೊಟ್ಟೆಗೆ ಹರಳೆಣ್ಣೆ ತಿಕ್ಕುತ್ತಾ, ಏನು ತಿಂದೆಯೋ, ಶಾಲೆಯ ಹತ್ತಿರ ಏನಾದರೂ ತಿಂದೆಯಾ ಎಂದು ಮತ್ತೆ ಮತ್ತೆ ಕೇಳಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಹಲ್ಲಿನ ಸಂದಿಯಲ್ಲಿ ಬಳಪದ ನುರುಕು ಇನ್ನೂ ಸಿಗುತ್ತಿತ್ತು.

ಎರಡು ಗಂಟೆಯ ಸೈರನ್ ಕೂಗಿತು. ಸ್ವಲ್ಪ ಹೊತ್ತಿಗೆ ಸೈಕಲ್ಲಿನ ಸ್ಟ್ಯಾಂಡ್ ಹಾಕಿದ ಸದ್ದು. ಅಪ್ಪ ಒಳಗೆ ಬಂದು ನನ್ನನ್ನು ನೋಡಿದರು. ಅವರ ಮುಖ ಹೇಗಾಯಿತೆಂದು ಹೇಳಲು ನನಗೆ ಈಗಲೂ ಬರುವುದಿಲ್ಲ. ಹೆದರಿಕೆ ಎಂದರೆ ಸಾಲದು. ಹುಷಾರು ತಪ್ಪಿದ ಮಗನನ್ನು ನೋಡಿದವರು ಕೇಳುವಂತೆ ಅವರು ಏನಾಯಿತು ಎಂದು ಕೇಳಲೇ ಇಲ್ಲ. ಏನಾಯಿತೆಂದು ತಮಗೆ ಮೊದಲೇ ಗೊತ್ತಿತ್ತು ಎನ್ನುವವರ ಹಾಗೆ ನಿಂತುಬಿಟ್ಟರು. ಖಾಕಿ ಅಂಗಿಯನ್ನೂ ಬದಲಾಯಿಸದೆ ನನ್ನನ್ನು ಎತ್ತಿ ಸೈಕಲ್ಲಿನ ಮುಂದಿನ ಬಾರಿನ ಮೇಲೆ ಟವೆಲ್ ಸುತ್ತಿ ಕೂರಿಸಿದರು. ಆಸ್ಪತ್ರೆಯವರೆಗೂ ತುಳಿದರೋ ತುಳಿದರು. ಅವರ ಏದುಸಿರು ನನ್ನ ನೆತ್ತಿಗೆ ತಾಗುತ್ತಿತ್ತು.

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ನಾಲಗೆ ಚಾಚಿಸಿ ನೋಡಿದರು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಮಣ್ಣು, ಸುಣ್ಣ, ಬಳಪ ಇಂಥದ್ದೇನಾದರೂ ತಿನ್ನುವ ಅಭ್ಯಾಸ ಇದೆಯಾ ಎಂದು ನನ್ನನ್ನೇ ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಅಪ್ಪ ಉತ್ತರ ಕೊಟ್ಟರು.

"ಇತ್ತು ಸಾರ್. ಬಿಟ್ಟು ಒಂದು ತಿಂಗಳ ಮೇಲಾಯ್ತು. ನನಗೆ ಭಾಷೆ ಕೊಟ್ಟಿದಾನೆ, ಒಂದು ದಿನಾನೂ ತಪ್ಪಿಲ್ಲ. ಇವನು ನನ್ನ ಹಾಗಲ್ಲ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಅವರ ಮೇಜಿನ ಮೇಲಿದ್ದ ಹತ್ತಿಯ ಉಂಡೆಯನ್ನು ನೋಡಿದೆ. ಅವರಿಗೆ ಗೊತ್ತಾಗಿತ್ತೆಂದೇ ನನ್ನ ಲೆಕ್ಕ, ಏಕೆಂದರೆ ಮತ್ತೇನೂ ಕೇಳದೆ ಹುಳದ ಔಷಧಿ, ಜ್ವರದ ಮಾತ್ರೆ ಬರೆದು, ಗಾಬರಿ ಏನೂ ಇಲ್ಲ, ಎರಡು ದಿನದಲ್ಲಿ ಎದ್ದು ಓಡಾಡುತ್ತಾನೆ ಎಂದರು. ಅಲ್ಲೇ ಒಂದು ಗುಳಿಗೆ ನುಂಗಿಸಿದರು. ಅಪ್ಪ ಕೈಮುಗಿದು ಹೊರಗೆ ಬಂದರು. ಆದರೆ ಅವರ ಮುಖದ ಮೇಲಿನ ಆ ಭಾರ ಇಳಿದಿರಲಿಲ್ಲ.

ಹಿಂದಿರುಗುವಾಗ ಅವರು ಸೈಕಲ್ ತುಳಿಯಲಿಲ್ಲ. ನನ್ನನ್ನು ಬಾರಿನ ಮೇಲೆ ಕೂರಿಸಿ ತಳ್ಳಿಕೊಂಡು ನಡೆದರು. ಹೊಳೆಯ ಹತ್ತಿರ ಒಂದು ಹೊಂಗೆ ಮರದ ಕೆಳಗೆ ಕಲ್ಲುಚಪ್ಪಡಿ ಇತ್ತು. ಅಲ್ಲಿ ಸೈಕಲ್ ನಿಲ್ಲಿಸಿ ನನ್ನನ್ನು ಇಳಿಸಿ ಕೂರಿಸಿದರು. ಕೆಳಗೆ ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು, ಒಗೆದ ಸದ್ದು ಕಲ್ಲಿಗೆ ಬಡಿದು ಸ್ವಲ್ಪ ತಡವಾಗಿ ನಮಗೆ ಕೇಳುತ್ತಿತ್ತು. ಹೊಂಗೆಯ ಹೂ ಉದುರಿ ಚಪ್ಪಡಿಯ ಮೇಲೆಲ್ಲ ಹರಡಿತ್ತು. ಅಪ್ಪ ನನ್ನ ಪಕ್ಕದಲ್ಲಿ ಕೂರಲಿಲ್ಲ. ನನ್ನ ಮುಂದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತರು. ಅವರ ಮುಖ ನನ್ನ ಮುಖಕ್ಕಿಂತ ಕೆಳಗಿತ್ತು.

"ನಿನ್ನೆ ನಾನು ಆಣೆ ತಪ್ಪಿದೆ ಕಣೋ" ಎಂದರು. "ಟೀ ಹೊತ್ತಲ್ಲಿ ಒಬ್ಬ ಅಂಗೈ ಚಾಚಿದ. ತಗೊಂಡು ದವಡೆಗೆ ಇಟ್ಟೆ. ಹೋಗಿ ಉಗಿದೆ, ಬಾಯಿ ತೊಳೆದೆ. ಆದ್ರೂ ಇಟ್ಟಿದ್ದು ಇಟ್ಟಿದ್ದೇ. ಸಂಜೆ ನೀನು ಕೇಳ್ದಾಗ ಇಲ್ಲ ಅಂದೆ. ನೀನು ಚಿಕ್ಕೋನು, ನಿನ್ನ ಮಾತು ಉಳಿಸ್ಕೊಂಡೆ. ನಾನು ಉಳಿಸ್ಕೊಳ್ಳಲಿಲ್ಲ. ಅದಕ್ಕೇ ನಿನಗೆ ಹಿಂಗಾಗಿದ್ದು. ತಪ್ಪಾಯ್ತು ಮಗ."

ಅಪ್ಪನ ಕಣ್ಣಿಂದ ನೀರು ಇಳಿಯಿತು. ಕಾದ ಕಬ್ಬಿಣದ ಕಿಡಿ ತಾಗಿ ಕೈ ಸುಟ್ಟಾಗಲೂ ಹಲ್ಲು ಕಚ್ಚಿ ನಕ್ಕವರು ಅವರು. ನಾನು ಅವರು ಅಳುವುದನ್ನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಒಂದೇ ಒಂದು ಮಾತು ಸಾಕಿತ್ತು. ಅಪ್ಪ, ನಾನು ದಿನಾ ತಿಂದಿದ್ದೇನೆ, ನಿಮ್ಮ ಆಣೆಯಿಂದ ಅಲ್ಲ, ನನ್ನ ಬಳಪದಿಂದ ಹೊಟ್ಟೆನೋವು ಬಂದದ್ದು. ಅಷ್ಟು ಹೇಳಿದ್ದರೆ ಅವರ ಎದೆಯ ಮೇಲಿನ ಬಂಡೆ ಇಳಿದುಬಿಡುತ್ತಿತ್ತು. ನಾನು ಹೇಳಲಿಲ್ಲ. ಹೊಡೆತಕ್ಕೆ ಹೆದರಿ ಹೇಳಲಿಲ್ಲ ಎಂದರೆ ನೀವು ನಂಬಬಹುದು, ಆದರೆ ಅದು ಸುಳ್ಳು. ಅಪ್ಪ ನನಗೆ ಹೊಡೆದವರೇ ಅಲ್ಲ. ನಿಜ ಹೇಳಬೇಕೆಂದರೆ, ಒಳ್ಳೆಯವನಾಗಿರುವುದು ನನಗೆ ಹಿತವಾಗಿತ್ತು. ಇವನು ನನ್ನ ಹಾಗಲ್ಲ ಎಂದು ಅಪ್ಪ ಡಾಕ್ಟರ ಮುಂದೆ ಹೇಳಿದ್ದು ಕಿವಿಯಲ್ಲಿ ಇನ್ನೂ ಇತ್ತು. ಅದನ್ನು ಕೈಬಿಡಲು ನನಗೆ ಮನಸ್ಸಾಗಲಿಲ್ಲ.

"ಪರವಾಗಿಲ್ಲ ಬಿಡಿ ಅಪ್ಪ" ಎಂದೆ.

ಕ್ಷಮಿಸಿಬಿಟ್ಟೆ. ಹೊಟ್ಟೆಯೊಳಗೆ ಏಳು ಬಳಪ ಇಟ್ಟುಕೊಂಡು, ಒಂದು ಚಿಟಿಕೆ ಹೊಗೆಸೊಪ್ಪನ್ನು ಉಗಿದು ಬಂದ ನನ್ನ ಅಪ್ಪನನ್ನು ನಾನು ಕ್ಷಮಿಸಿದೆ. ನಾನು ಮೊದಲು ಹೇಳಿದ ತಪ್ಪು ಇದೇ. ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ನನ್ನ ತಲೆ ಸವರಿದರು.

ಮನೆಗೆ ಬಂದವರೇ ಅಮ್ಮನಿಗೂ ಎಲ್ಲ ಹೇಳಿದರು. ಅಮ್ಮ ಹಣೆ ಹಣೆ ಚಚ್ಚಿಕೊಂಡರು, ಬೇಡ ಬೇಡವೆಂದರೂ ಮಗುವಿನ ತಲೆ ಮುಟ್ಟಿದಿರಲ್ಲ ಎಂದು ಅತ್ತರು. ಅಪ್ಪ ಅಕ್ಕನನ್ನು ಕರೆದು, ಮೇಲಿನ ಸಾಲನ್ನು ಪೂರ್ತಿ ಅಳಿಸು, ನನ್ನದು ಇವತ್ತಿನಿಂದ ಒಂದು ಎಂದರು. ಅಕ್ಕ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಸುಣ್ಣದ ಗೋಡೆಯ ಮೇಲೆ ಕಪ್ಪು ನೀರು ಇಳಿಯಿತು. ಮೂವತ್ತು ದಿನ ಮುಖ ತೊಳೆದು ತೊಳೆದು, ಹಣೆ ಕಟ್ಟಿಕೊಂಡು, ಸುತ್ತು ದಾರಿ ನಡೆದು ಗಳಿಸಿದ ಗೀರುಗಳು ಹೋದವು. ಅದರ ಕೆಳಗೆ ನನ್ನ ಗೀರುಗಳು ಒಂದೂ ಕಡಿಮೆಯಾಗದೆ ಸಾಲಾಗಿ ನಿಂತಿದ್ದವು. ನಾನು ಗೋಡೆಯ ಕಡೆ ಬೆನ್ನು ಮಾಡಿ ಮಲಗಿದೆ.

ಸಂಜೆ ಅಕ್ಕ ನನ್ನ ಹಾಸಿಗೆ ಕೊಡವಿ ಹಾಕುವಾಗ ದಿಂಬಿನ ಚೀಲದೊಳಗಿಂದ ಬಳಪದ ಚೂರುಗಳು ಉದುರಿದವು. ಕೆಲವುಗಳ ಮೇಲೆ ಹಲ್ಲಿನ ಗುರುತಿತ್ತು. ಅಕ್ಕ ಅವನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿಟ್ಟುಕೊಂಡು ನನ್ನನ್ನು ನೋಡಿದಳು. ನಾನು ಅಳತೊಡಗಿದೆ. ಹೇಳಬೇಡ, ದಮ್ಮಯ್ಯ ಹೇಳಬೇಡ ಎಂದು ಅವಳ ಲಂಗ ಹಿಡಿದುಕೊಂಡೆ. ಅವಳು ನನ್ನ ಕೈಯಿಂದ ಲಂಗ ಬಿಡಿಸಿಕೊಂಡಳು. ಆಮೇಲೆ ಹೇಳಿದ ಮಾತು ಹದಿನಾಲ್ಕು ವರ್ಷದ ಹುಡುಗಿಯ ಮಾತಲ್ಲ.

"ಇದು ಗೊತ್ತಾದ್ರೆ ಅಪ್ಪನಿಗೆ ಹೆದರಿಕೆ ಹೋಗುತ್ತೆ. ಹೆದರಿಕೆ ಹೋದ್ರೆ ಮತ್ತೆ ಡಬ್ಬಿ ಬರುತ್ತೆ. ಅದಕ್ಕೆ ಹೇಳಲ್ಲ. ನಿನಗೋಸ್ಕರ ಅಂದ್ಕೋಬೇಡ."

ಚೂರುಗಳನ್ನು ಒಲೆಯ ಬೂದಿಯಲ್ಲಿ ಹೂತುಬಂದಳು. ಮರುದಿನದಿಂದ ನನ್ನ ಬಳಪದ ಪೊಟ್ಟಣ ಅಕ್ಕನ ಪೆಟ್ಟಿಗೆ ಸೇರಿತು. ಬೆಳಿಗ್ಗೆ ಒಂದು ಬಳಪಕ್ಕೆ ದಾರ ಹಿಡಿದು ಅಳೆದು, ದಾರಕ್ಕೆ ಗಂಟು ಹಾಕಿ ಕೊಡುತ್ತಿದ್ದಳು. ಸಂಜೆ ಮತ್ತೆ ಅಳೆಯುತ್ತಿದ್ದಳು. ಬರೆದರೆ ಎಷ್ಟು ಸವೆಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮೊದಲ ಎರಡು ವಾರ ನನ್ನ ದವಡೆ ನೋಯುತ್ತಿತ್ತು, ಸ್ಲೇಟು ಒರೆಸುವಾಗ ಉಸಿರು ಬಿಗಿಹಿಡಿಯುತ್ತಿದ್ದೆ. ಬಸ್ಸು ಬರುತ್ತಿತ್ತು, ನಿಲ್ಲುತ್ತಿತ್ತು. ನಾನು ಬಾಯಲ್ಲೇ ಮಗ್ಗಿ ಹೇಳಿಕೊಳ್ಳುತ್ತಾ ಹತ್ತದೆ ನಿಲ್ಲುತ್ತಿದ್ದೆ. ಒಂದು ದಿನ ಸ್ಲೇಟಿನ ವಾಸನೆ ಬಂದಾಗ ಬಾಯಲ್ಲಿ ನೀರೂರಲಿಲ್ಲ. ಅಂದು ನನ್ನ ಗೀರು ನಿಜವಾದ ಗೀರಾಗಿತ್ತು. ಆದರೆ ಗೋಡೆಯ ಮೇಲೆ ನಿಜದ್ದೂ ಸುಳ್ಳಿನದೂ ಒಂದೇ ಬಣ್ಣದಲ್ಲಿದ್ದವು, ಅದನ್ನು ಹೇಳಿಕೊಳ್ಳಲು ನನಗೆ ಯಾರೂ ಇರಲಿಲ್ಲ.

ಅಪ್ಪ ಮತ್ತೆ ಹೊಗೆಸೊಪ್ಪು ಮುಟ್ಟಲಿಲ್ಲ. ಒಂದು ಸಲವೂ ಮುಟ್ಟಲಿಲ್ಲ. ದವಡೆಯ ಕಲೆ ತಿಂಗಳುಗಳಲ್ಲಿ ಮಾಯಿತು. ಅವರು ಎಂಬತ್ತು ದಾಟಿ ಬದುಕಿದರು. ನನ್ನ ಸುಳ್ಳೇ ಅವರನ್ನು ಉಳಿಸಿತು ಎಂದು ನೀವು ಹೇಳಬಹುದು, ನಾನೂ ಎಷ್ಟೋ ಸಲ ನನಗೆ ಹಾಗೆ ಹೇಳಿಕೊಂಡಿದ್ದೇನೆ. ಕಡಲೆಬೀಜದಷ್ಟು ಬಳಪವನ್ನು ಹೇಗೂ ಎಸೆಯುವುದೇ ಎಂದು ತಿಂದ ಹುಡುಗನ ತೀರ್ಪಿನಂಥದ್ದೇ ಅದೂ. ಏಕೆಂದರೆ ಅಪ್ಪ ಉಳಿದದ್ದು ನಿಜವಾದರೂ, ಮಗನಿಗೆ ಕೇಡು ತಂದವನು ನಾನು ಎಂಬುದನ್ನು ಹೊತ್ತುಕೊಂಡೇ ಉಳಿದರು. ನನಗೆ ಒಂದು ಸಣ್ಣ ಜ್ವರ ಬಂದರೂ ಸಾಕು, ಅವರು ಹೋಗಿ ದೇವರ ಮುಂದೆ ನಿಲ್ಲುತ್ತಿದ್ದರು.

ನಾನು ದೊಡ್ಡವನಾದ ಮೇಲೆ ಮದುವೆಮನೆಗಳಲ್ಲಿ, ಊಟದ ಪಂಕ್ತಿಯಲ್ಲಿ, ಯಾರಾದರೂ ಹೊಗೆಸೊಪ್ಪಿನ ಮಾತೆತ್ತಿದರೆ ಅಪ್ಪ ಈ ಕಥೆ ಹೇಳುತ್ತಿದ್ದರು. ನಾನು ತಪ್ಪಿದೆ, ಎಂಟು ವರ್ಷದ ಇವನು ತಪ್ಪಲಿಲ್ಲ, ಛಲ ಅಂದರೆ ಇವನದು ಎಂದು ನನ್ನ ಬೆನ್ನು ತಟ್ಟುತ್ತಿದ್ದರು. ನಾನು ಎಲೆಯ ಮೇಲಿನ ಉಪ್ಪಿನಕಾಯಿ ನೋಡುತ್ತಾ ಕೂರುತ್ತಿದ್ದೆ. ನೆಂಟರು ಮೆಚ್ಚಿ ತಲೆದೂಗುತ್ತಿದ್ದರು. ಪಂಕ್ತಿಯಲ್ಲಿದ್ದರೆ ಅಕ್ಕ ಮಾತ್ರ ತಲೆ ತಗ್ಗಿಸಿ ಊಟ ಮಾಡುತ್ತಿದ್ದಳು. ಹೇಳಬೇಕೆಂದು ಎಷ್ಟು ಸಲ ಹೊರಟೆನೋ. ಮೊದಲು ಅವರು ಮತ್ತೆ ಶುರುಮಾಡಿಯಾರು ಎಂಬ ನೆಪ ಇತ್ತು. ಅವರಿಗೆ ವಯಸ್ಸಾದ ಮೇಲೆ, ಈ ವಯಸ್ಸಲ್ಲಿ ಯಾಕೆ ನೋಯಿಸುವುದು ಎಂಬ ನೆಪ ಬಂತು. ನೆಪಗಳಿಗೆ ಯಾವತ್ತೂ ಬರ ಇಲ್ಲ. ಕೊನೆಗೆ ಅಪ್ಪ ಹೋದರು. ನಾನು ಹೇಳಿರಲೇ ಇಲ್ಲ.

ಈಗ ನಾನು ಶಿವಮೊಗ್ಗದಲ್ಲಿ ಮೊಮ್ಮಕ್ಕಳ ಮನೆಯಲ್ಲಿ, ನಿಮ್ಮ ನಡುವೆ ಇದ್ದೇನೆ. ನಿಮ್ಮ ಮನೆಗಳಲ್ಲಿ ಯಾರೂ ಮಕ್ಕಳ ತಲೆ ಮುಟ್ಟಿ ಆಣೆ ಮಾಡುವುದಿಲ್ಲ. ಒಬ್ಬರು ತಪ್ಪಿದರೆ ಇನ್ನೊಬ್ಬರಿಗೆ ಜ್ವರ ಬರುವುದಿಲ್ಲವೆಂದು ನಿಮಗೆಲ್ಲ ಗೊತ್ತು. ಅದು ಒಳ್ಳೆಯದೇ. ಮೊಮ್ಮಗ ಪರೀಕ್ಷೆ ಮುಗಿಯುವವರೆಗೆ ಆಟದ ಆ್ಯಪ್ ತೆರೆಯುವುದಿಲ್ಲವೆಂದು ತನಗೆ ತಾನೇ ಹೇಳಿಕೊಂಡಿದ್ದಾನೆ, ನಡುವೆ ಎರಡು ಸಲ ತೆರೆದು ನನ್ನ ಕೈಗೆ ಸಿಕ್ಕಿಬಿದ್ದು ನಕ್ಕಿದ್ದಾನೆ. ಮೊಮ್ಮಗಳು ಜಿಲ್ಲಾ ಓಟಕ್ಕೆ ಆಯ್ಕೆಯಾಗಬೇಕೆಂದು ದಿನಾ ಬೆಳಿಗ್ಗೆ ಸ್ಟೇಡಿಯಂಗೆ ಹೋಗಿ ಓಡುತ್ತಾಳೆ. ಅವಳಿಗೆ ಹತ್ತು ವರ್ಷ. ಎಷ್ಟು ದಿನ ತಪ್ಪದೆ ಓಡಿದಳೆಂದು ಎಣಿಸುವುದು ಅವಳಮ್ಮನ ಫೋನು. ಬೆಳಿಗ್ಗೆ ಅದು, ಇವತ್ತು ನೀನು ಓಡಿದೆಯಾ ಎಂದು ಕೇಳುತ್ತದೆ, ಇವಳು ಹೌದು ಎಂದು ಒತ್ತುತ್ತಾಳೆ. ನಿಜವೋ ಸುಳ್ಳೋ ಅದಕ್ಕೇನೂ ತಿಳಿಯದು.

ಹೋದ ಭಾನುವಾರ ಅವಳಿಗೆ ಎಚ್ಚರವಾಗಲಿಲ್ಲ. ಎದ್ದು ಬಂದಾಗ ಬಿಸಿಲು ಬಾಲ್ಕನಿಗೆ ಬಂದಿತ್ತು. ಅಡುಗೆಮನೆಯಲ್ಲಿ ಅಕ್ಕಿರೊಟ್ಟಿ ಬೇಯುವ ವಾಸನೆ. ಅವಳು ಫೋನು ಹಿಡಿದು ನನ್ನ ಪಕ್ಕ ಬಂದು ಕೂತಳು. ಅದರಲ್ಲಿ ನಲವತ್ತಾರು ಎಂದಿತ್ತು. ನಲವತ್ತಾರು ದಿನ ಕತ್ತಲಲ್ಲಿ ಎದ್ದು ಶೂ ಕಟ್ಟಿಕೊಂಡು ಹೋದದ್ದನ್ನು ನಾನು ನೋಡಿದ್ದೇನೆ. ಒತ್ತಿಬಿಡು ಪುಟ್ಟಿ, ಸಂಜೆ ಓಡಿದರಾಯಿತು, ಯಾರು ಕೇಳುತ್ತಾರೆ ಎಂದೆ. ನೋಡಿ, ಇಷ್ಟು ವಯಸ್ಸಾದರೂ ನನ್ನ ಬುದ್ಧಿ ಎಲ್ಲಿಗೆ ಓಡಿತು.

"ಬೆಳಿಗ್ಗೆ ಓಡ್ಲಿಲ್ವಲ್ಲ ಅಜ್ಜ" ಎಂದಳು, ನಾನು ಯಾಕೆ ಹಾಗೆ ಹೇಳಿದೆನೆಂದು ಅರ್ಥವಾಗದವಳ ಹಾಗೆ.

ಇಲ್ಲ ಎಂದು ಒತ್ತಿದಳು. ನಲವತ್ತಾರು ಹೋಗಿ ಸೊನ್ನೆಯಾಯಿತು. ಅವಳ ಕೆಳತುಟಿ ಸ್ವಲ್ಪ ಹೊತ್ತು ನಡುಗಿತು. ಆಮೇಲೆ ಫೋನು ಕೆಳಗಿಟ್ಟು, ರೊಟ್ಟಿ ಆಯ್ತಾ ಎಂದು ಕೂಗುತ್ತಾ ಒಳಗೆ ಓಡಿದಳು. ಅಪ್ಪ ಇದ್ದಷ್ಟೂ ವರ್ಷ ಅವರ ಮುಂದೆ ನನ್ನಿಂದ ಆಗದ ಕೆಲಸವನ್ನು ಅವಳು ತಿಂಡಿಗೆ ಮುಂಚೆ ಮಾಡಿ ಮುಗಿಸಿದ್ದಳು.